ಬೇರೆ ಪಾತ್ರೆ

ಸಿದ್ದಾಪುರ
12 ಜೂನ್ 2024

ಪ್ರಿಯ ನವ್ಯಾ ಅವರಿಗೆ,

ನಮ್ಮ ‘ಎದುರು ಮಾತು’ ಬ್ಲಾಗಿಗೆ ಈ ವಾರ ಒಂದು ವರ್ಷ ತುಂಬಿತು. ಕುಂದಾಪುರದ ಆ ವಿಚಾರಗೋಷ್ಠಿಯಲ್ಲಿ ನಾನೊಂದು ಹೇಳಿ, ನೀವು ಎದ್ದು ನಿಂತು ಅದಕ್ಕೆ ತದ್ವಿರುದ್ಧ ಹೇಳಿ, ಆಮೇಲೆ ಊಟಕ್ಕೆ ಒಂದೇ ಮೇಜಿನಲ್ಲಿ ಕುಳಿತು ನಗಾಡಿದೆವಲ್ಲ, ಅಲ್ಲಿಂದ ಹುಟ್ಟಿದ್ದು ಇದು. ಹದಿನೈದು ದಿನಕ್ಕೊಂದು ಬರಹ: ಒಮ್ಮೆ ಸಿದ್ದಾಪುರದ ಸಂಪ್ರದಾಯಸ್ಥ ಮುದುಕ, ಮುಂದಿನ ಸಲ ಬ್ರಹ್ಮಾವರದ ಪ್ರಗತಿಪರ ಉಪನ್ಯಾಸಕಿ. ಮುಂಬಯಿಯಲ್ಲಿ ಮೂವತ್ತು ವರ್ಷ ಹೋಟೆಲು ನಡೆಸಿದಾಗಲೂ ನನ್ನನ್ನು ಇಷ್ಟು ಜನ ಬೈದಿರಲಿಲ್ಲ. ಆದರೆ ಇಲ್ಲಿ ಬೈಯುವವರು ಪೂರ್ತಿ ಓದಿ ಬೈಯುತ್ತಾರೆ. ಈ ಕಾಲದಲ್ಲಿ ಅದೇನು ಸಣ್ಣ ಸಂಗತಿಯಲ್ಲ.

ಒಬ್ಬರು ಓದದೆ ಇನ್ನೊಬ್ಬರದ್ದು ಪ್ರಕಟವಾಗಬಾರದು, ಓದಿದವರು ಪ್ರಶ್ನೆ ಕೇಳಬಹುದು, ತಿದ್ದುವಂತಿಲ್ಲ ಎಂಬ ನಮ್ಮ ಕರಾರಿನಂತೆ ಮುಂದಿನ ವಾರದ ಬರಹ ಕಳಿಸಿದ್ದೇನೆ. ವಿಷಯ ಬಿಸಿಯೂಟದ ಮೊಟ್ಟೆ. ನಮ್ಮೂರ ಶಾಲೆ ದೇವಸ್ಥಾನದ ಗೋಡೆಗೆ ಅಂಟಿಕೊಂಡೇ ಇದೆ. ಜಾಗ ನನ್ನ ಅಜ್ಜ ಬಿಟ್ಟುಕೊಟ್ಟದ್ದು. ಮಕ್ಕಳು ಮೊಟ್ಟೆ ತಿನ್ನುವುದಕ್ಕೆ ನನ್ನ ತಕರಾರಿಲ್ಲ. ಮೀನಿಲ್ಲದೆ ನನಗೇ ಊಟ ಇಳಿಯುವುದಿಲ್ಲ. ಆ ಗೋಡೆಯ ಪಕ್ಕ ಬೇಯಿಸುವುದು ಬೇಡ, ಬೇರೆಲ್ಲಾದರೂ ಬೇಯಿಸಿ ತರಲಿ ಎನ್ನುವುದಷ್ಟೇ ನನ್ನ ವಾದ. ಮೊಟ್ಟೆ ತಿನ್ನದ ಮನೆಯ ಮಕ್ಕಳ ಸಾಂಬಾರು ಕೂಡ ಅದೇ ಪಾತ್ರೆಯಲ್ಲಿ ಕುದಿಯುತ್ತದೆಯಂತೆ. ಇದು ಸರಿಯೇ?

ನಿಮ್ಮ,
ಶೇಖರ ಶೆಟ್ಟಿ


ಬ್ರಹ್ಮಾವರ
15 ಜೂನ್ 2024

ಶೇಖರಣ್ಣ,

ವರ್ಷ ತುಂಬಿದ ಮೇಲೂ ‘ಅವರಿಗೆ’ ಎಂದು ಬರೆದರೆ ನಾನು ಉತ್ತರ ಕೊಡುವುದಿಲ್ಲ. ಯಡ್ತರೆಯಲ್ಲಿ ನನ್ನ ಅಪ್ಪಯ್ಯ ನಿಮ್ಮ ಬರಹವನ್ನೇ ಮೊದಲು ಓದುವುದು, ಆಮೇಲೆ ನನ್ನದು. ‘ಶೆಟ್ರ್ ಹೇಳುದ್ರಂಗೆ ಒಂದ್ ತೂಕ ಇತ್ತ್ ಕಾಣ್’ ಎಂದು ನನ್ನ ಮುಂದೆಯೇ ಹೇಳುತ್ತಾರೆ. ಮೀನು ಮಾರಿ ನನ್ನನ್ನು ಓದಿಸಿದ ಮನುಷ್ಯ. ಏನು ಹೇಳಲಿ?

ಬರಹ ಓದಿದೆ. ವಾದಕ್ಕೆ ಉತ್ತರ ನನ್ನ ಸರದಿಯಲ್ಲಿ ಕೊಡುತ್ತೇನೆ. ಈಗ ಒಂದೇ ಪ್ರಶ್ನೆ. ‘ಅದೇ ಪಾತ್ರೆಯಲ್ಲಿ ಕುದಿಯುತ್ತದೆ’ ಎಂದಿದ್ದೀರಿ. ನೀವು ನೋಡಿದಿರಾ? ‘ಅಂತೆ’ ಎನ್ನುವುದು ನಿಮ್ಮ ಪತ್ರದಲ್ಲಿದೆ, ಬರಹದಲ್ಲಿಲ್ಲ. ಹೋಟೆಲು ನಡೆಸಿದವರು ನೀವು. ಅಡುಗೆಮನೆಗೆ ಕಾಲಿಡದೆ ಪಾತ್ರೆಯ ಬಗ್ಗೆ ಬರೆಯಬಹುದೇ? ಒಮ್ಮೆ ಹೋಗಿ ನೋಡಿ, ಇಲ್ಲವೇ ಆ ಸಾಲು ತೆಗೆಯಿರಿ.

ನವ್ಯಾ


ಸಿದ್ದಾಪುರ
19 ಜೂನ್ 2024

ನವ್ಯಾ,

ಸರಿ, ‘ಅವರಿಗೆ’ ಬಿಟ್ಟೆ.

ಬರಹ ಇವತ್ತು ಹಾಕಿದ್ದೇನೆ. ಮಂಡಿನೋವು ಹೆಚ್ಚಾಗಿದ್ದರಿಂದ ಶಾಲೆಯ ತನಕ ಹೋಗಲಾಗಲಿಲ್ಲ. ಪಾತ್ರೆಯ ಸಂಗತಿ ಹೇಳಿದವನು ಶಾಲಾಭಿವೃದ್ಧಿ ಸಮಿತಿಯ ಶೈಲೇಶ್. ಸುಳ್ಳು ಹೇಳುವ ಹುಡುಗನಲ್ಲ. ಆ ಸಾಲು ಇಡೀ ಬರಹದಲ್ಲಿ ಉಪ್ಪಿನ ಕಲ್ಲಿನಷ್ಟು. ನೀವು, ಅಲ್ಲ, ನೀನು ಅದನ್ನೇ ಹಿಡಿದು ಜಗ್ಗಾಡಬೇಡ. ವಾದಕ್ಕೆ ಬಾ.

ಶೇಖರ ಶೆಟ್ಟಿ


ಬ್ರಹ್ಮಾವರ
2 ಜುಲೈ 2024

ಶೇಖರಣ್ಣ,

ನಿಮಗೆ ಮಂಡಿನೋವಾದರೆ ನನ್ನ ಕಾಲು ಗಟ್ಟಿ ಇದೆ. ಶನಿವಾರ ಕುಂದಾಪುರದಲ್ಲಿ ಬಸ್ಸು ಬದಲಿಸಿ ನಿಮ್ಮೂರ ಶಾಲೆಗೆ ಹೋಗಿ ಬಂದೆ. ನಿಮ್ಮ ಮನೆಗೆ ಬರಲಿಲ್ಲ. ಬಂದಿದ್ದರೆ ಕಾಫಿ ಕುಡಿಸಿ ನನ್ನ ಸಿಟ್ಟು ಇಳಿಸುತ್ತಿದ್ದಿರಿ.

ಅಡುಗೆ ಮಾಡುವ ಗುಲಾಬಿಯಕ್ಕನನ್ನು ಕಂಡೆ. ಅವರ ಮಗಳು ಅನಿಷಾ ಅದೇ ಶಾಲೆಯಲ್ಲಿ ಆರನೇ ತರಗತಿ. ಗಂಡ ಭೋಜ ನಿಮ್ಮ ತಮ್ಮನ ತೋಟದಲ್ಲಿ ರಬ್ಬರ್ ಟ್ಯಾಪಿಂಗ್ ಮಾಡುವವರಂತೆ, ನಿಮಗೆ ಗೊತ್ತಿರಬೇಕು. ನಾನು ಕೇಳುವ ಮೊದಲೇ ಆಕೆ ಮೂಲೆಯ ಒಲೆ ತೋರಿಸಿದರು. ‘ಕಾಣಿ ಮೇಡಂ, ಮೊಟ್ಟಿ ಪಾತ್ರೆ ಇದ್. ಇದ್ರಂಗೆ ಬೇರೆ ಎಂತದೂ ಬೇಯ್ಸುದಿಲ್ಲೆ. ತೊಳುಕೂ ಬೇರೆ ನಾರ್ ಇಟ್ಕಂಡಿದೆ. ಭಟ್ರ್ ಮಕ್ಳೂ ಬತ್ರಲೆ, ಅವ್ರ್ ಹೊಟ್ಟಿಗ್ ಮೋಸ ಮಾಡುಕಾತ್ತಾ?’ ಎಂದರು. ಅದು ಅಲ್ಯೂಮಿನಿಯಂ ಪಾತ್ರೆ, ಸಾಂಬಾರಿನದ್ದು ಸ್ಟೀಲಿನದ್ದು. ಎರಡನ್ನೂ ನಾನು ಮುಟ್ಟಿ ನೋಡಿದೆ.

ನನ್ನ ಉತ್ತರ ಜೊತೆಗಿದೆ. ಗುಲಾಬಿಯಕ್ಕ ಮೊಟ್ಟೆಯ ಪಾತ್ರೆ ಹಿಡಿದು ನಿಂತ ಫೋಟೋವನ್ನೂ ಹಾಕುತ್ತೇನೆ. ‘ನನ್ ಪಟ ಎಂತಕೆ ಮೇಡಂ? ಪಾತ್ರಿದ್ ತೆಗ್ದ್ರೆ ಸಾಕಲೆ’ ಎಂದು ನಾಚಿಕೊಂಡರು. ಒತ್ತಾಯ ಮಾಡಿದ ಮೇಲೆ ಸೆರಗು ಸರಿಮಾಡಿಕೊಂಡು ನಿಂತರು. ಹೆಸರನ್ನೂ ಬರೆದಿದ್ದೇನೆ. ನೂರಾರು ಮಕ್ಕಳಿಗೆ ಬಡಿಸುವ ಹೆಂಗಸನ್ನು ಬರೀ ‘ಅಡುಗೆಯವಳು’ ಎಂದು ಕರೆಯುವುದು ನನ್ನಿಂದಾಗದು.

ನವ್ಯಾ


ಸಿದ್ದಾಪುರ
5 ಜುಲೈ 2024

ನವ್ಯಾ,

ನಿನ್ನ ಬರಹ ಚೆನ್ನಾಗಿದೆ. ಫೋಟೋ ಇನ್ನೂ ಚೆನ್ನಾಗಿದೆ. ನಮ್ಮ ಬ್ಲಾಗನ್ನು ಇಷ್ಟು ಜನ ಯಾವತ್ತೂ ಓದಿದ್ದಿಲ್ಲ. ಮುಂಬಯಿಯಿಂದ ಹಳೆಯ ಸ್ನೇಹಿತರು ಫೋನ್ ಮಾಡಿ, ‘ಶೇಖರ, ಆ ಹುಡುಗಿ ನಿನ್ನನ್ನು ಸೋಲಿಸಿದಳು ಮಾರಾಯ’ ಎಂದು ನಕ್ಕರು. ನಾನೂ ನಕ್ಕೆ.

ಪಾತ್ರೆಯ ವಿಷಯದಲ್ಲಿ ನನಗೆ ತಪ್ಪು ಮಾಹಿತಿ ಬಂದಿತ್ತು ಎಂದು ಒಪ್ಪುತ್ತೇನೆ. ಮುಂದಿನ ಸರದಿಯಲ್ಲಿ ಬರೆಯುತ್ತೇನೆ. ಈಗಲೇ ಒಂದು ಸಾಲಿನ ತಿದ್ದುಪಡಿ ಹಾಕಿದರೆ ಮೂಲ ವಾದವೇ ಬಿದ್ದುಹೋಯಿತು ಎಂದು ಜನ ತಿಳಿಯುತ್ತಾರೆ. ಪಾತ್ರೆ ಬೇರೆಯಾದರೂ ಜಾಗದ ಪ್ರಶ್ನೆ ಹಾಗೆಯೇ ಉಳಿಯುತ್ತದಲ್ಲ.

ಶೇಖರ ಶೆಟ್ಟಿ


ಬ್ರಹ್ಮಾವರ
11 ಜುಲೈ 2024

ಶೇಖರಣ್ಣ,

ನಿಮ್ಮ ಸರದಿಯ ತನಕ ಕಾಯಬೇಡಿ. ಪ್ರತಿಕ್ರಿಯೆಗಳನ್ನು ನೋಡುತ್ತಿದ್ದೀರಾ? ನಾನು ಅಳಿಸುತ್ತಲೇ ಇದ್ದೇನೆ, ಮತ್ತೆ ಬರುತ್ತಲೇ ಇವೆ. ಯಾರೋ ಗುಲಾಬಿಯಕ್ಕನ ಫೋಟೋವನ್ನು ಕತ್ತರಿಸಿ, ಕೆಳಗೆ ನಿಮ್ಮ ‘ಅದೇ ಪಾತ್ರೆ’ಯ ಸಾಲನ್ನು ಅಂಟಿಸಿ ವಾಟ್ಸ್ಯಾಪಿನಲ್ಲಿ ಬಿಟ್ಟಿದ್ದಾರೆ. ನಿಮ್ಮ ಮಾತು, ನನ್ನ ಫೋಟೋ. ನಮ್ಮಿಬ್ಬರ ಬ್ಲಾಗಿನಿಂದ ಇಷ್ಟು ಬೇಗ ಇನ್ನೇನೂ ಹರಡಿರಲಿಲ್ಲ.

ನಾನು ಫೋಟೋ ತೆಗೆದುಹಾಕಿದೆ. ಆದರೆ ಅದು ಈಗ ಎಲ್ಲರ ಫೋನಿನಲ್ಲಿದೆ. ‘ಪಾತ್ರೆ ಬೇರೆ ಇದೆ, ನಾನು ಬರೆದದ್ದು ತಪ್ಪು’ ಎಂದು ನೀವು ಎರಡು ಸಾಲು ಬರೆದರೆ ನಿಮ್ಮ ಕಡೆಯವರು ಕೇಳುತ್ತಾರೆ. ನಾನು ಬರೆದರೆ ಯಾರೂ ಕೇಳುವುದಿಲ್ಲ. ದಯವಿಟ್ಟು.

ನವ್ಯಾ


ಬ್ರಹ್ಮಾವರ
19 ಜುಲೈ 2024

ಶೇಖರ ಶೆಟ್ಟರಿಗೆ,

ಕುಂದಾಪುರದ ಆಸ್ಪತ್ರೆಯಿಂದ ಈಗಷ್ಟೇ ಬಂದೆ. ಗುಲಾಬಿಯಕ್ಕನ ಬಲಗೈ ಭುಜದಿಂದ ಮೊಣಕೈಯ ಕೆಳಗಿನವರೆಗೆ ಸುಟ್ಟಿದೆ. ಕುತ್ತಿಗೆಯ ಪಕ್ಕವೂ.

ನಿಮಗೆ ಗೊತ್ತಿರದೆ ಇರುವುದಿಲ್ಲ, ಆದರೂ ಬರೆಯುತ್ತೇನೆ. ಮಂಗಳವಾರ ಹುಡುಗರ ಗುಂಪೊಂದು ಅಡುಗೆಕೋಣೆಗೆ ನುಗ್ಗಿದೆ. ಮೊಟ್ಟೆ ಒಲೆಯ ಮೇಲೆ ಕುದಿಯುತ್ತಿತ್ತು. ಪಾತ್ರೆಯನ್ನೇ ಎತ್ತಿ ಹೊರಗಿಡುತ್ತೇವೆ ಎಂದರಂತೆ. ಗುಲಾಬಿಯಕ್ಕ ‘ಬಿಸಿ ಇತ್ತ್, ಮುಟ್ಬೇಡಿ’ ಎಂದು ಅಡ್ಡ ನಿಂತಿದ್ದಾರೆ. ಎಳೆದಾಟದಲ್ಲಿ ಪಾತ್ರೆ ಅವರ ಮೇಲೆ ಮಗುಚಿದೆ. ಪಾತ್ರೆಯ ಹಿಡಿ ಹಿಡಿದಿದ್ದವನು ನಿಮ್ಮ ತಮ್ಮನ ಮಗ ಸುಜಿತ್ ಎಂದು ಮುಖ್ಯ ಶಿಕ್ಷಕಿ ನನಗೆ ಪಿಸುಮಾತಿನಲ್ಲಿ ಹೇಳಿದರು. ಪೊಲೀಸರಿಗೆ ಮಾತ್ರ, ಗಡಿಬಿಡಿಯಲ್ಲಿ ಯಾರೆಂದು ಕಾಣಲಿಲ್ಲ ಎಂದಿದ್ದಾರೆ.

ನಿಮ್ಮ ಎರಡು ಸಾಲು ಇನ್ನೂ ಬಂದಿಲ್ಲ.

ನವ್ಯಾ


ಸಿದ್ದಾಪುರ
28 ಜುಲೈ 2024

ನವ್ಯಾ,

ಒಂದು ವಾರದಿಂದ ಬರೆಯಲು ಕುಳಿತು ಏಳುತ್ತಿದ್ದೇನೆ.

ಆಗಬಾರದ್ದು ಆಯಿತು. ಹುಡುಗರಿಗೆ ಸುಡುವ ಉದ್ದೇಶ ಇರಲಿಲ್ಲ, ಅದು ಮಾತ್ರ ನನಗೆ ಖಂಡಿತ ಗೊತ್ತು. ನಾನು ಆ ಹೊತ್ತಿಗೆ ದೇವಸ್ಥಾನದಲ್ಲಿ ಸಮಿತಿಯ ಸಭೆಗೆ ಹೋಗಿದ್ದೆ. ಪೊಲೀಸರು ಕೇಳಿದಾಗ ನಾನು ನೋಡಿಲ್ಲ ಎಂದೆ. ಸುಜಿತನ ಮನೆಗೂ ನಮ್ಮ ಮನೆಗೂ ಅಂಗಳ ಒಂದೇ. ಮುಂಬಯಿಯಲ್ಲಿ ನನ್ನ ಹೋಟೆಲಿನ ಗಲ್ಲಾಪೆಟ್ಟಿಗೆಯ ಮೇಲೆ ಕೂರಿಸಿಕೊಂಡು ಆಡಿಸಿದ ಹುಡುಗ ಅವನು. ನನಗೆ ಮಕ್ಕಳಿಲ್ಲ ಎಂಬುದು ನಿನಗೆ ಗೊತ್ತು.

ತಿದ್ದುಪಡಿಯನ್ನು ಮೊನ್ನೆ ಹಾಕಿದೆ. ತಡವಾಯಿತು. ಆದರೆ ನೀನೂ ಒಂದು ಯೋಚಿಸು. ನನ್ನ ಬರಹದಲ್ಲಿ ಯಾರ ಹೆಸರೂ ಇರಲಿಲ್ಲ. ಇಂಥವಳೇ ಎಂದು ಊರಿಗೆಲ್ಲ ಮುಖ ತೋರಿಸಿದವಳು ನೀನು.

ಸದ್ಯಕ್ಕೆ ಬ್ಲಾಗು ನಿಲ್ಲಿಸೋಣ.

ಶೇಖರ ಶೆಟ್ಟಿ


ಬ್ರಹ್ಮಾವರ
2 ಆಗಸ್ಟ್ 2024

ಶೇಖರ ಶೆಟ್ಟರಿಗೆ,

ಮುಖ ತೋರಿಸಿದವಳು ನಾನೇ. ಅದನ್ನು ನೀವು ಹೇಳಬೇಕಾಗಿರಲಿಲ್ಲ. ಆಸ್ಪತ್ರೆಯಲ್ಲಿ ಬ್ಯಾಂಡೇಜು ಬದಲಿಸುವಾಗ ಆಕೆ ಹಲ್ಲು ಕಚ್ಚಿ ಹಿಡಿಯುವುದನ್ನು ನೋಡಿದ ಮೇಲೆ ಆ ಯೋಚನೆ ಬಿಟ್ಟು ಬೇರೆ ಯೋಚನೆ ನನಗಿಲ್ಲ. ಆಕೆ ಅವತ್ತು ನಾಚಿಕೊಂಡದ್ದಲ್ಲ, ಹೆದರಿದ್ದು. ಕ್ಯಾಮೆರಾ ಹಿಡಿದಿದ್ದ ನನಗೆ ಅದು ತಿಳಿಯಲಿಲ್ಲ.

ಇನ್ನು ನಿಮ್ಮ ಮಾತು. ನೀವು ನೋಡಿಲ್ಲ ಎಂದಿರಿ. ಗುಲಾಬಿಯಕ್ಕ ನನಗೆ ಹೇಳಿದ್ದನ್ನು ಹೇಳಿದಂತೆಯೇ ಬರೆಯುತ್ತೇನೆ. ‘ಶೆಟ್ರ್ ಗೇಟಿನ್ ಹತ್ರ ನಿಂತಿದ್ರ್. ಸುಜಿತಂಗೆ ಹೇಳಿ ಶೆಟ್ರೆ ಅಂದ್ ಕೂಗ್ದೆ. ಅವ್ರಿಗ್ ಕೇಂಡಿತ್ತ್.’ ಅಷ್ಟು ಹೇಳಿ ಗೋಡೆಯ ಕಡೆ ತಿರುಗಿ ಮಲಗಿದರು.

ಒಂದು ವರ್ಷ ನಿಮ್ಮ ಜೊತೆ ಜಗಳವಾಡಿದ್ದು ನೀವು ಪ್ರಾಮಾಣಿಕರು ಎಂಬ ನಂಬಿಕೆಯಿಂದ. ನನ್ನ ಗೆಳತಿಯರು, ‘ಅಂಥವರಿಗೆ ನೀನು ಮರ್ಯಾದೆ ತಂದುಕೊಡುತ್ತಿದ್ದೀಯ’ ಎಂದಾಗಲೆಲ್ಲ ನಿಮ್ಮ ಪರವಾಗಿ ಅವರ ಜೊತೆ ಜಗಳವಾಡಿದ್ದೇನೆ. ಠಾಣೆಗೆ ಹೋಗಿ ಕಂಡದ್ದನ್ನು ಹೇಳಿ. ಅದೊಂದೇ ನಾನು ಕೇಳುವುದು.

ನವ್ಯಾ


ಸಿದ್ದಾಪುರ
3 ಸೆಪ್ಟೆಂಬರ್ 2024

ನವ್ಯಾ,

ಕಳೆದ ತಿಂಗಳು ನಿನ್ನ ಪತ್ರಕ್ಕೆ ಉತ್ತರ ಬರೆಯದೆ ಇದ್ದದ್ದು ಹೌದು. ಬರೆಯುವುದಕ್ಕಿಂತ ಮೊದಲು ಮಾಡಬೇಕಾದ್ದನ್ನು ಮಾಡೋಣ ಎಂದುಕೊಂಡೆ. ಧೈರ್ಯ ಒಟ್ಟು ಮಾಡಲು ದಿನ ಹಿಡಿಯಿತು. ಠಾಣೆಗೆ ಹೋದೆ. ಗೇಟಿನ ಬಳಿ ನಿಂತಿದ್ದೆ, ಸುಜಿತ್ ಪಾತ್ರೆ ಹಿಡಿದದ್ದು ಕಂಡೆ, ಆಕೆ ಕೂಗಿದ್ದು ಕೇಳಿದೆ, ನಾನು ಸುಮ್ಮನಿದ್ದೆ ಎಂದು ಹೇಳಿಕೆ ಕೊಟ್ಟು ಸಹಿ ಹಾಕಿದೆ.

ಮನೆಗೆ ಬರುವಷ್ಟರಲ್ಲಿ ನಿನ್ನ ಬರಹ ಬಂದಿತ್ತು. ‘ಗೇಟಿನ ಬಳಿ ನಿಂತ ಹಿರಿಯರು’. ನನಗೆ ತೋರಿಸದೆ ನಮ್ಮ ಬ್ಲಾಗಿನಲ್ಲೇ ಹಾಕಿದ್ದೆ. ನನ್ನ ಹೆಸರು ಹಾಕಿರಲಿಲ್ಲ, ಆದರೆ ಓದಿದವರಿಗೆಲ್ಲ ಯಾರೆಂದು ಗೊತ್ತು. ಬರೆದ ಒಂದೊಂದು ಮಾತೂ ನಿಜವೇ. ಒಂದು ದಿನ ತಡೆದಿದ್ದರೆ ಸಾಕಿತ್ತು.

ಈಗ ಊರಿನಲ್ಲಿ ಆಡಿಕೊಳ್ಳುವುದು ಏನೆಂದರೆ, ಆ ಹುಡುಗಿ ಬ್ಲಾಗಿನಲ್ಲಿ ಮಾನ ಹರಾಜು ಹಾಕುತ್ತಾಳೆಂದು ಹೆದರಿ ಶೆಟ್ರು ಸ್ವಂತ ತಮ್ಮನ ಮಗನ ಮೇಲೆ ಸುಳ್ಳು ಹೇಳಿದರು. ಪೊಲೀಸರೂ ಅದನ್ನೇ ಕೇಳಿದರು: ಮೊದಲು ನೋಡಿಲ್ಲ ಎಂದಿರಿ, ಈಗ ನೋಡಿದೆ ಎನ್ನುತ್ತೀರಿ, ನಡುವೆ ಏನಾಯಿತು? ದೇವಸ್ಥಾನದ ಸಮಿತಿಯಿಂದ ನನ್ನನ್ನು ಕೈಬಿಟ್ಟರು. ನನ್ನ ತಮ್ಮ ಅಂಗಳದ ನಡುವೆ ತಗಡಿನ ಬೇಲಿ ಕಟ್ಟಿಸಿದ.

ಸುಜಿತ್ ಒಮ್ಮೆ ಮಾತ್ರ ಬಂದ. ಜಗಲಿಗೆ ಹತ್ತಲಿಲ್ಲ. ಕೆಳಗೆ ನಿಂತೇ, ‘ದೊಡ್ಡಪ್ಪಯ್ಯ, ನೀವ್ ಬರದ್ದನ್ನೇ ಅಲ್ದಾ ನಾವ್ ಮಾಡದ್ದ್?’ ಎಂದ. ಸಿಟ್ಟಿನಿಂದ ಕೇಳಲಿಲ್ಲ. ಸಣ್ಣವನಿದ್ದಾಗ ಲೆಕ್ಕ ಬಾರದಿದ್ದರೆ ಕೇಳುತ್ತಿದ್ದನಲ್ಲ, ಹಾಗೆ ಕೇಳಿದ. ನಾನು ಒಳಗೆ ಹೋದೆ.

ಗುಲಾಬಿ ಆಸ್ಪತ್ರೆಯಿಂದ ಬಂದಿದ್ದಾಳೆ ಎಂದು ತಿಳಿಯಿತು. ನನಗೆ ಅವಳ ಮನೆಯ ದಾರಿ ಹಿಡಿಯಲು ಮುಖವಿಲ್ಲ. ನೀನು ಹೋಗಿ ನೋಡು.

ಶೇಖರ ಶೆಟ್ಟಿ


ಬ್ರಹ್ಮಾವರ
30 ಸೆಪ್ಟೆಂಬರ್ 2024

ಶೇಖರಣ್ಣ,

ನಿಮ್ಮ ಪತ್ರ ಓದಿ ಆ ಬರಹ ಅಳಿಸಿದೆ. ಅಳಿಸಿ ಏನು ಪ್ರಯೋಜನ ಎಂದು ಈ ಸಲ ನನಗೆ ನಾನೇ ಹೇಳಿಕೊಂಡೆ. ನಿಮ್ಮ ಮೌನವನ್ನು ನಾನು ತಪ್ಪಾಗಿ ಓದಿದೆ. ಮೇಷ್ಟ್ರ ಕೆಲಸ ಮಾಡುವವಳು. ಓದುವುದನ್ನೇ ಮಕ್ಕಳಿಗೆ ಕಲಿಸುವವಳು.

ಭಾನುವಾರ ಗುಲಾಬಿಯಕ್ಕನ ಮನೆಗೆ ಹೋದೆ. ಭೋಜ ನನ್ನನ್ನು ಕಂಡು ಹಿಂದಿನ ಬಾಗಿಲಿನಿಂದ ಹೊರಗೆ ಹೋದರು. ಆಕೆ ನೀರು ಕೊಟ್ಟರು, ಎಡಗೈಯಲ್ಲಿ. ನೀವು ಹೇಳಿಕೆ ಕೊಟ್ಟಿದ್ದೀರಿ, ಇನ್ನು ಕೇಸು ಗಟ್ಟಿಯಾಗುತ್ತದೆ ಎಂದು ನಾನು ಸಂಭ್ರಮದಿಂದ ಹೇಳಿದೆ. ಆಕೆ ಲೋಟ ವಾಪಸ್ ತೆಗೆದುಕೊಂಡರು. ಆಮೇಲೆ, ‘ಹ್ವಾದ ವಾರ ಠಾಣಿಗ್ ಹೋಯಿ ಬಂದೆ ಮೇಡಂ. ನನ್ ಕೈಯೇ ಜಾರಿ ಪಾತ್ರಿ ಬಿತ್ತ್ ಅಂದೆ. ಮುಗಿತ್’ ಎಂದರು.

ಯಾಕೆ ಎಂದು ಕೇಳಿದೆ. ಕೇಳಬಾರದಿತ್ತು. ನಿಮ್ಮ ತಮ್ಮನ ತೋಟದ ಕೆಲಸಕ್ಕೆ ಇನ್ನು ಬರಬೇಡ ಎಂದು ಭೋಜನಿಗೆ ಹೇಳಿ ಕಳಿಸಿದ್ದರಂತೆ. ಠಾಣೆಗೆ ಹೋಗಿ ಬಂದ ಮರುದಿನವೇ ಬಾ ಎಂದರಂತೆ. ‘ನೀವ್ ಬರದ್ ಬ್ರಹ್ಮಾವರಕ್ ಹೋತ್ರಿ. ಶೆಟ್ರ್ ಬರದ್ ಒಳ್ಗ್ ಹೋತ್ರ್. ನಾನ್ ಇಲ್ಲೇ ಇರ್ಬೇಕಲೆ?’ ಎಂದರು.

ಶಾಲೆಯಲ್ಲಿ ಬೇರೆಯವರನ್ನು ನೇಮಿಸಿಕೊಂಡಿದ್ದಾರೆ. ಮೊಟ್ಟೆ ಬೇಡವೆಂದು ಎಲ್ಲ ಮನೆಯವರಿಂದಲೂ ಬರೆಸಿಕೊಂಡು ಮಕ್ಕಳಿಗೆ ಈಗ ಬಾಳೆಹಣ್ಣು ಕೊಡುತ್ತಿದ್ದಾರೆ. ಗುಲಾಬಿಯಕ್ಕನೂ ಅನಿಷಾಳ ಹೆಸರಿನಲ್ಲಿ ಹೆಬ್ಬೆಟ್ಟು ಒತ್ತಿದ್ದಾರೆ, ಬಲಗೈಯಲ್ಲಿ ಪೆನ್ನು ಹಿಡಿಯಲಾಗದ್ದಕ್ಕೆ.

ನಾನು ಇದನ್ನು ಇಲ್ಲಿಗೆ ಬಿಡುವುದಿಲ್ಲ. ಕುಂದಾಪುರದ ವಕೀಲರೊಬ್ಬರನ್ನು ಕಂಡಿದ್ದೇನೆ. ಒತ್ತಡದಿಂದ ಹೇಳಿಕೆ ಬದಲಾಗಿದೆ ಎಂದು ಅರ್ಜಿ ಹಾಕಬಹುದಂತೆ. ನಿಮ್ಮ ಸಾಕ್ಷ್ಯವಿದ್ದರೆ ಸಾಕಾಗಬಹುದು. ನಿಲ್ಲುತ್ತೀರಾ?

ನವ್ಯಾ


ಸಿದ್ದಾಪುರ
8 ಡಿಸೆಂಬರ್ 2024

ನವ್ಯಾ,

ನಿಲ್ಲುತ್ತೇನೆ ಎಂದು ಅಕ್ಟೋಬರಿನಲ್ಲಿ ಒಂದು ಸಾಲು ಬರೆದು ಕಳಿಸಿದ್ದೆ. ಈ ಪತ್ರ ಅದನ್ನು ಹಿಂದಕ್ಕೆ ಪಡೆಯಲು. ನಾನು ಹೆದರಿದೆ ಎಂದು ತಿಳಿಯುವ ಮೊದಲು ಪೂರ್ತಿ ಓದು.

ಕೋರ್ಟಿಗೆ ಹೋಗುವ ಮುನ್ನ ಊರಿನವರ ಎದುರು ನಿಂತು ಹೇಳುವುದು ನನ್ನ ಧರ್ಮ ಎಂದುಕೊಂಡೆ. ಶುಕ್ರವಾರ ಶಾಲೆಯಲ್ಲಿ ಪೋಷಕರ ಸಭೆ ಇತ್ತು. ಕರೆಯದಿದ್ದರೂ ಹೋದೆ. ಸುಜಿತ್ ಇದ್ದ, ಶೈಲೇಶ್ ಇದ್ದ, ನನ್ನ ತಮ್ಮನಿದ್ದ. ಹಿಂದಿನ ಸಾಲಿನಲ್ಲಿ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಗುಲಾಬಿ ಕುಳಿತಿದ್ದಳು. ನಾನು ಎದ್ದು ನಿಂತು ಎಲ್ಲವನ್ನೂ ಹೇಳಿದೆ. ಪಾತ್ರೆ ಬೇರೆಯೇ ಇತ್ತು. ತಪ್ಪು ಬರೆದವನು ನಾನು. ತಿದ್ದು ಎಂದಾಗ ತಿದ್ದದೆ ಕುಳಿತವನು ನಾನು. ಪಾತ್ರೆಗೆ ಕೈ ಹಾಕಿದವನು ಸುಜಿತ್. ಕೂಗಿದ್ದು ಕೇಳಿಯೂ ನಿಂತಲ್ಲೇ ನಿಂತವನು ನಾನು. ಅವಳಿಗೆ ಕೆಲಸ ವಾಪಸ್ ಕೊಡಿ ಎಂದೆ.

ಯಾರಾದರೂ ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. ಮುಖ್ಯ ಶಿಕ್ಷಕಿ ಕನ್ನಡಕ ಸರಿಮಾಡಿಕೊಂಡು, ‘ಮುಂದಿನ ವಿಷಯ, ಕಂಪೌಂಡಿಗೆ ಸುಣ್ಣ ಹೊಡೆಸುವುದು’ ಎಂದರು. ಚರ್ಚೆ ಶುರುವಾಯಿತು. ಯಾವ ಬಣ್ಣ ಎಂದು ಚೆನ್ನಾಗಿಯೇ ಚರ್ಚೆಯಾಯಿತು.

ಸಭೆ ಮುಗಿದು ನಾನು ಹೊರಗೆ ಚಪ್ಪಲಿ ಹುಡುಕುತ್ತಿದ್ದಾಗ ಗುಲಾಬಿ ಬಂದಳು. ಯಾರಾದರೂ ನೋಡುತ್ತಾರೋ ಎಂದು ಎರಡೂ ಕಡೆ ಕಣ್ಣು ಹಾಯಿಸಿದಳು. ‘ಶೆಟ್ರೆ, ನೀವ್ ಹೇಳದ್ದ್ ಸುಳ್ಳಲ್ಲ. ಆದ್ರೆ ಇನ್ನ್ ಹೇಳ್ಬೇಡಿ. ನೀವ್ ಒಂದೊಂದ್ ಸಲ ಹೇಳ್ದಾಗ್ಳೂ ಅನಿಷಾನ ಹತ್ರ ಕೂಕಂಬ ಮಕ್ಳ್ ಕಮ್ಮಿ ಆತ್ರ್. ಇವತ್ತ್ ಅವ್ಳ್ ಒಬ್ಳೇ ಕೂಕಂಡ್ ಉಂಡಳ್. ಮೇಡಮ್ಮಿಗೂ ಹೇಳಿ’ ಎಂದಳು.

ಆಯಿತು ಎಂದೆ. ಅವಳು ನನ್ನಿಂದ ಮೊದಲ ಸಲ ಏನನ್ನಾದರೂ ಕೇಳಿದ್ದು ಗೇಟಿನ ಬಳಿ. ಅದನ್ನು ಮಾಡಲಿಲ್ಲ. ಇದನ್ನಾದರೂ ಮಾಡಬೇಕು.

ನನ್ನ ಮನಸ್ಸಿಗೆ ಇದು ನ್ಯಾಯ ಎನಿಸುವುದಿಲ್ಲ. ನಿನಗೂ ಅನಿಸಲಾರದು. ಆದರೆ ನಮಗೆ ಏನೆನಿಸುತ್ತದೆ ಎಂದು ನಾವಿಬ್ಬರೂ ಸಾಕಷ್ಟು ಬರೆದಿದ್ದೇವೆ.

ಶೇಖರ ಶೆಟ್ಟಿ


ಬ್ರಹ್ಮಾವರ
17 ಡಿಸೆಂಬರ್ 2024

ಶೇಖರಣ್ಣ,

ನಿಮ್ಮ ಪತ್ರ ಬಂದ ದಿನ ನಿಮ್ಮ ಮೇಲೆ ಬಹಳ ಸಿಟ್ಟು ಬಂತು. ಆಕೆಯ ಹೆದರಿಕೆಯ ಹಿಂದೆ ನೀವು ಅಡಗಿಕೊಂಡಿರಿ ಎಂದು ಉದ್ದದ ಉತ್ತರ ಬರೆದೆ. ಮಾರನೆಯ ದಿನ ಓದಿದೆ. ಬರಹ ಚೆನ್ನಾಗಿತ್ತು. ಅದಕ್ಕೇ ಹರಿದು ಹಾಕಿದೆ.

ವಕೀಲರಿಗೆ ಅರ್ಜಿ ಬೇಡ ಎಂದು ಹೇಳಿ ಬಂದೆ. ಅವರು ಕಾರಣ ಕೇಳಿದರು. ಒಂದು ಮಗು ಊಟಕ್ಕೆ ಒಂಟಿಯಾಗಿ ಕೂರುತ್ತಿದೆ ಎಂದೆ. ಅವರಿಗೆ ಅರ್ಥವಾಗಲಿಲ್ಲ.

‘ಎದುರು ಮಾತು’ ಪೂರ್ತಿ ಅಳಿಸಿದೆ. ಅಳಿಸುವ ಮೊದಲು ನಿಮ್ಮನ್ನು ಕೇಳಲಿಲ್ಲ, ಕ್ಷಮಿಸಿ. ಅಪ್ಪಯ್ಯ ಮೊನ್ನೆ ಫೋನಿನಲ್ಲಿ, ‘ಶೆಟ್ರದ್ ಎಂತ ಇತ್ತಿತ್ಲಾಗೆ ಕಾಂತಿಲ್ಲೆ?’ ಎಂದು ಕೇಳಿದರು. ಮಂಡಿನೋವು ಎಂದೆ.

ಗುಲಾಬಿಯಕ್ಕನ ಮನೆಗೆ ನಾನು ಇನ್ನು ಹೋಗುವುದಿಲ್ಲ. ನನ್ನನ್ನು ಕಂಡರೆ ಅಕ್ಕಪಕ್ಕದವರು ಬಾಗಿಲಿಗೆ ಬರುತ್ತಾರೆ. ನೀವು ಅದೇ ಊರಿನವರು. ಬಸ್ಸು ನಿಲ್ಲುವಲ್ಲೋ ಅಂಗಡಿಯಲ್ಲೋ ಯಾವಾಗಲಾದರೂ ಕಣ್ಣಿಗೆ ಬೀಳುತ್ತಾರೆ. ಮಾತನಾಡಿಸಬೇಡಿ. ಆ ಕೈ ಈಗ ಎಷ್ಟು ಎತ್ತರಕ್ಕೆ ಏಳುತ್ತದೆ ಎಂದು ದೂರದಿಂದ ನೋಡಿ, ಅಷ್ಟು ಮಾತ್ರ ನನಗೆ ಬರೆಯಿರಿ.

ನವ್ಯಾ